ಬೆಟ್ಟದ ಬುಡದ ಮನೆಗೆ ಎಂಥ ರೂಟರ್?

ಅರಸೀಕೆರೆಯ ಮಗ್ಗುಲಲ್ಲಿರುವ ಮಾಲೇಕಲ್ಲು ತಿರುಪತಿಯ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತವರಿಗೆ ಸುತ್ತಲ ಸೀಮೆ ತಡೆಯಿಲ್ಲದೆ ಕಾಣುತ್ತದೆ. ಕಣ್ಣಿಗೆ ಅಡ್ಡಿಯಿಲ್ಲದ ಕಡೆ ರೇಡಿಯೋ ಅಲೆಗೂ ಹೆಚ್ಚಿನ ಅಡ್ಡಿಯಿರುವುದಿಲ್ಲ. ಕೆಳಗಿಳಿದು, ಟವರ್ ಒಂದು ಕಡೆ, ತಾವು ಇನ್ನೊಂದು ಕಡೆ, ನಡುವೆ ಬೆಟ್ಟ ಎಂಬಂತೆ ನಿಂತರೆ ಮೊಬೈಲಿನ ಗೆರೆಗಳು ಒಂದೊಂದಾಗಿ ಉದುರುತ್ತವೆ. ಅದಕ್ಕೆ ಯಾರೂ ಮೊಬೈಲನ್ನು ಬೈಯುವುದಿಲ್ಲ. ಬೆಟ್ಟ ಅಡ್ಡ ಇದೆ ಎಂದು ಎಲ್ಲರಿಗೂ ಗೊತ್ತು.

ಮನೆಯೊಳಗೆ ಮಾತ್ರ ಈ ತಿಳಿವಳಿಕೆ ಕೈಕೊಡುತ್ತದೆ.

ಈ ಸೀಮೆಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮುಂದೆ ಜಗಲಿ, ಒಳಗೆ ಪಡಸಾಲೆ, ಆಮೇಲೆ ನಡುಮನೆ, ಅದರಾಚೆ ಅಡುಗೆಮನೆ. ಅಜ್ಜ ಕಟ್ಟಿಸಿದ ಭಾಗಕ್ಕೆ ಒಂದೂವರೆ ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ. ಮಗ ಹಿಂದೆ ಸೇರಿಸಿದ ಎರಡು ಕೋಣೆಗೆ ಸಿಮೆಂಟ್ ಬ್ಲಾಕು, ಮೇಲೆ ಆರ್‌ಸಿಸಿ. ಅಟ್ಟದ ತುಂಬ ಉಂಡೆ ಕೊಬ್ಬರಿಗೆಂದು ಏರಿಸಿದ ತೆಂಗಿನಕಾಯಿ. ಫೈಬರ್ ಎಳೆಯಲು ಬಂದ ಹುಡುಗ ಮುಂದಿನ ಕಿಟಕಿಯ ಸಂದಿಯಲ್ಲಿ ವೈರು ತೂರಿಸಿ, ಟಿವಿ ಸ್ಟ್ಯಾಂಡಿನ ಹಿಂದೆ ಡಬ್ಬಿಯಿಟ್ಟು ಹೋಗಿದ್ದಾನೆ. ಪಡಸಾಲೆಯಲ್ಲಿ ಕ್ರಿಕೆಟ್ ಸೊಗಸಾಗಿ ಓಡುತ್ತದೆ. ಹಿಂದಿನ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಮಗಳ ಮುಖ ಮಾತ್ರ ಮೀಟಿಂಗಿನ ನಡುವೆ ಹಳೇಬೀಡಿನ ಶಿಲ್ಪದ ಹಾಗೆ ಕಲ್ಲಾಗಿ ನಿಲ್ಲುತ್ತದೆ. ಮನೆಯವರು ಪೇಟೆಗೆ ಹೋಗಿ ಆರು ಕೊಂಬಿನ ಹೊಸ ರೂಟರ್ ತರುತ್ತಾರೆ. ಅದನ್ನೂ ಟಿವಿಯ ಹಿಂದೆಯೇ ಇಡುತ್ತಾರೆ.

ಮಗಳ ಮುಖ ಮತ್ತೆ ಕಲ್ಲಾಗುತ್ತದೆ. ದುಡ್ಡು ಹೋದದ್ದು ರೂಟರ್ ಕೆಟ್ಟದ್ದೆಂದಲ್ಲ; ಮನೆಯನ್ನು ನೋಡದೆ ಡಬ್ಬಿಯನ್ನು ನೋಡಿ ಕೊಂಡದ್ದಕ್ಕೆ. ಗೋಡೆ ಎಂಥದ್ದು, ವೈರು ಎಲ್ಲಿಂದ ಬರುತ್ತದೆ, ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಅಂಗಡಿಯ ಕೆಲಸ ಹತ್ತು ನಿಮಿಷದ್ದು.

ನೆಟ್ಟು ಬೇರೆ, ವೈಫೈ ಬೇರೆ

ಮನೆಮಾತಿನಲ್ಲಿ ಎರಡೂ ಒಂದೇ. ‘ವೈಫೈ ಬರ್ತಿಲ್ಲ’ ಎಂದರೆ ನೆಟ್ಟೂ ಇಲ್ಲವೆಂದೇ ಅರ್ಥ. ಕೆಲಸದಲ್ಲಿ ಇವೆರಡೂ ಬೇರೆ. ಕಂಬದಿಂದ ಬರುವ ಫೈಬರ್ ಎಂದರೆ ಕೂದಲೆಳೆಯಂಥ ಗಾಜು. ಅದರೊಳಗೆ ಕಣ್ಣಿಗೆ ಕಾಣದ ಬೆಳಕು ಓಡಾಡುತ್ತದೆ. ಮನೆಗಳಿಗೆ ಹೆಚ್ಚಾಗಿ ಬರುವ ಬಗೆಯಲ್ಲಿ, ಮನೆಯತ್ತ ಬರುವುದಕ್ಕೆ 1490 ನ್ಯಾನೊಮೀಟರ್, ಮನೆಯಿಂದ ಹೋಗುವುದಕ್ಕೆ 1310 ನ್ಯಾನೊಮೀಟರ್ ತರಂಗಾಂತರ. ಈ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾಡುವ ಡಬ್ಬಿಗೆ ಓಎನ್‌ಟಿ ಎಂದು ಹೆಸರು. ಆ ಸಂಕೇತವನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಹಂಚುವುದು ರೂಟರ್. ವೈಫೈ ಎಂಬುದು ಆ ಹಂಚಿಕೆಯ ಕೊನೆಯ ಕೆಲವು ಅಡಿಗಳ ಗಾಳಿದಾರಿ ಮಾತ್ರ. ಈಗ ಕಂಪನಿಗಳು ಕೊಡುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಓಎನ್‌ಟಿಯೂ ರೂಟರೂ ಒಂದರೊಳಗೊಂದು ಸೇರಿರುತ್ತವೆ.

ಹಾಗಾಗಿ ಹೊಸದನ್ನು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಡಬ್ಬಿಯ ಮುಂದೆಯೇ ನಿಂತು, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ, ವೇಗ ಅಳೆಯಬೇಕು. 50 ಎಂಬಿಪಿಎಸ್ ಯೋಜನೆಗೆ ಅಲ್ಲಿ 50ರ ಹತ್ತಿರ ಬಂದು, ಹಿಂದಿನ ಕೋಣೆಯಲ್ಲಿ 4 ಬಂದರೆ ತೊಂದರೆ ವೈಫೈಯದು. ಡಬ್ಬಿಯ ಎದುರಲ್ಲೇ 4 ಬಂದರೆ, ಅಥವಾ ‘ಎಲ್‌ಓಎಸ್’ ಎಂಬ ದೀಪ ಕೆಂಪಗಾಗಿದ್ದರೆ, ಎಷ್ಟು ದುಬಾರಿ ರೂಟರ್ ತಂದರೂ ಉಪಯೋಗವಿಲ್ಲ. ಕೆಂಪು ದೀಪವೆಂದರೆ ಬೆಳಕು ಮನೆಗೆ ತಲುಪುತ್ತಿಲ್ಲ: ತೆಂಗಿನ ಗರಿ ಬಿದ್ದು ವೈರು ಹರಿದಿರಬಹುದು, ಕಿಟಕಿಯ ಮೂಲೆಯಲ್ಲಿ ಗಾಜಿನೆಳೆ ವಿಪರೀತ ಬಾಗಿರಬಹುದು. ಅದು ಲೈನಿನವರ ಕೆಲಸ.

ಎಷ್ಟು ವೇಗ ಬೇಕು ಎಂಬ ಲೆಕ್ಕವೂ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ ಸಾಕು. 4ಕೆ ಟಿವಿಗೆ 15ರಿಂದ 20. ವಿಡಿಯೊ ಮೀಟಿಂಗಿಗೆ ಮೂರು–ನಾಲ್ಕು. ಎರಡು ಫೋನು, ಒಂದು ಟಿವಿ, ಒಂದು ಲ್ಯಾಪ್‌ಟಾಪು ಏಕಕಾಲಕ್ಕೆ ಓಡಿದರೂ 50 ಎಂಬಿಪಿಎಸ್ ಯೋಜನೆ ಸುಸ್ತಾಗುವುದಿಲ್ಲ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಫೈಲು ಇಳಿಯುವುದು ಸೆಕೆಂಡಿಗೆ 12.5 ಮೆಗಾಬೈಟಿನಷ್ಟು. ಇದನ್ನು ನೋಡಿ ‘ನೂರು ಅಂದು ಹನ್ನೆರಡು ಕೊಟ್ಟರು’ ಎಂದು ಜಗಳಕ್ಕೆ ಹೋಗಬೇಕಿಲ್ಲ.

ಅರ್ಧ ಗೇಣು, ಕಾಲು ಗೇಣು

ವೈಫೈ ಅಲೆಗಳಲ್ಲಿ ಮನೆಬಳಕೆಗೆ ಬರುವುದು ಮುಖ್ಯವಾಗಿ ಎರಡು ಬಗೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅಂದರೆ ಅರ್ಧ ಗೇಣು. 5 ಗಿಗಾಹರ್ಟ್ಸ್ ಅಲೆ ಸುಮಾರು 6 ಸೆಂಟಿಮೀಟರ್, ಕಾಲು ಗೇಣು. ಉದ್ದದ ಅಲೆ ಗೋಡೆಯನ್ನು ಒಂದಿಷ್ಟು ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಗಿಡ್ಡ ಅಲೆಯಲ್ಲಿ ವೇಗ ಹೆಚ್ಚು, ದಪ್ಪ ಗೋಡೆ ಎದುರಾದರೆ ಸೋಲುತ್ತದೆ. ‘ಡ್ಯುಯಲ್ ಬ್ಯಾಂಡ್’ ರೂಟರ್ ಎಂದರೆ ಎರಡನ್ನೂ ಬಿಡುವಂಥದ್ದು. ಈ ಹೊತ್ತಿನಲ್ಲಿ ಒಂದೇ ಬ್ಯಾಂಡಿನದನ್ನು ಕೊಳ್ಳಲು ಕಾರಣವೇ ಇಲ್ಲ.

ಒಂದು ಕಾಲಕ್ಕೆ ಈ ಅಲೆಗಳನ್ನು ಬಿಡಲು ಸರ್ಕಾರದ ಪರವಾನಗಿ ಬೇಕಿತ್ತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಎಲ್ಲರಿಗೂ ಮುಕ್ತವಾದದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸ್ ಹರವು ವಿಶಾಲವಾಗಿ ತೆರೆದದ್ದು 2018ರ ಅಕ್ಟೋಬರ್‌ನಲ್ಲಿ. ಮುಕ್ತವಾದ ಜಾಗದಲ್ಲಿ ಎಲ್ಲರೂ ಸೇರುತ್ತಾರೆ. ಬ್ಲೂಟೂತ್ 2.4ರಲ್ಲೇ ಇದೆ, ಮೈಕ್ರೋವೇವ್ ಒಲೆಯೂ ಅದೇ ಆಸುಪಾಸಿನದು. ಅರಸೀಕೆರೆ ಪೇಟೆಯ ಒತ್ತೊತ್ತಾದ ಬೀದಿಯಲ್ಲಿ ಫೋನು ತೆರೆದರೆ ಹತ್ತಾರು ಮನೆಯ ವೈಫೈ ಹೆಸರು ಕಾಣುವಾಗ 2.4ರಲ್ಲಿ ಸಂತೆಯ ಗದ್ದಲ. ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6, 11 ಎಂಬ ಮೂರೇ. ಅಂಥ ಕಡೆ 5 ಗಿಗಾಹರ್ಟ್ಸ್ ವರ. ಸುತ್ತ ಅರ್ಧ ಫರ್ಲಾಂಗು ಯಾರೂ ಇಲ್ಲದ ತೋಟದ ಮನೆಯಲ್ಲಿ 2.4 ಈಗಲೂ ಚೆನ್ನಾಗಿ ದುಡಿಯುತ್ತದೆ.

ಅಲೆಯ ದೊಡ್ಡ ಶತ್ರುಗಳು ಲೋಹ ಮತ್ತು ನೀರು. ಲೋಹ ಅದನ್ನು ಹಿಂದಕ್ಕೆ ಎಸೆಯುತ್ತದೆ, ನೀರು ಕುಡಿದುಬಿಡುತ್ತದೆ. ಕಬ್ಬಿಣದ ಬೀರು, ಅದರ ಬಾಗಿಲಿನ ಕನ್ನಡಿ, ಅಡುಗೆಮನೆಯ ಸ್ಟೀಲ್ ಪಾತ್ರೆಯ ಸ್ಟ್ಯಾಂಡು, ತಗಡಿನ ಶೀಟಿನ ಚಾವಣಿ, ಆರ್‌ಸಿಸಿಯೊಳಗಿನ ಕಬ್ಬಿಣದ ಜಾಲ ಮೊದಲ ಗುಂಪಿನವು. ಸಿಂಟೆಕ್ಸ್ ಟ್ಯಾಂಕು, ಮಳೆಗೆ ನೆನೆದ ಮಣ್ಣಿನ ಗೋಡೆ, ತೋಟದ ಹಸಿ ಗರಿಗಳು ಎರಡನೆಯವು. ಕೊಬ್ಬರಿ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಅಟ್ಟ. ಉಂಡೆ ಕೊಬ್ಬರಿಗೆಂದು ಏರಿಸಿದ ಕಾಯಿಯೊಳಗಿನ ನೀರು ತಿಂಗಳುಗಟ್ಟಲೆ ಕಳೆದಮೇಲೆ ಇಂಗುವುದು. ಅಷ್ಟು ದಿನವೂ ಕೆಳಗಿನ ಪಡಸಾಲೆಗೂ ಮೇಲಿನ ಕೋಣೆಗೂ ನಡುವೆ ಸಾವಿರಾರು ಪುಟ್ಟ ನೀರಿನ ಗಡಿಗೆಗಳನ್ನು ಜೋಡಿಸಿಟ್ಟಂತೆಯೇ.

ಗೋಡೆಯ ಲೆಕ್ಕವನ್ನು ಊಹಿಸಬೇಕಿಲ್ಲ. ಸಿಗ್ನಲ್ ಬಲ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಒಂದು ಸುತ್ತು ಹಾಕಿದರೆ ಸಾಕು. ಅದು ಋಣಸಂಖ್ಯೆಯಲ್ಲಿ ಹೇಳುತ್ತದೆ. ಮೈನಸ್ 50 ಉತ್ತಮ. ವಿಡಿಯೊ ಮಾತುಕತೆಗೆ ಮೈನಸ್ 67ರವರೆಗೆ ಪರವಾಗಿಲ್ಲ. ಮೈನಸ್ 80 ದಾಟಿದರೆ ಸಂದೇಶವೂ ಏದುಸಿರು ಬಿಡುತ್ತದೆ. ಪ್ರತಿ 3 ಅಂಕ ಇಳಿದಾಗ ಶಕ್ತಿ ಅರ್ಧಕ್ಕೆ ಬಂತೆಂದು ಲೆಕ್ಕ. ಪಡಸಾಲೆಯಲ್ಲಿ ಮೈನಸ್ 45 ಇದ್ದದ್ದು ಒಂದು ಕಲ್ಲುಗೋಡೆ ದಾಟಿ ಮೈನಸ್ 70 ಆದರೆ, ಆ ಗೋಡೆಯೇ ಆ ಮನೆಯ ಮಾಲೇಕಲ್ಲು.

ಡಬ್ಬಿಯ ಮೇಲೆ ಬರೆದದ್ದು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಸಿ1200, ಎಎಕ್ಸ್1500, ಎಎಕ್ಸ್3000 ಎಂಬ ದಪ್ಪಕ್ಷರ. ಇದು ಎರಡೂ ಬ್ಯಾಂಡುಗಳ ಅತಿಹೆಚ್ಚು ವೇಗವನ್ನು ಕೂಡಿಸಿ ಬರೆದ ಮೊತ್ತ. ಎಸಿ1200 ಎಂದರೆ 2.4ರಲ್ಲಿ 300, 5ರಲ್ಲಿ 867, ಒಟ್ಟು ಸುಮಾರು 1200. ಒಂದು ಫೋನು ಒಮ್ಮೆಗೆ ಒಂದೇ ಬ್ಯಾಂಡಿನಲ್ಲಿ ಇರುವುದರಿಂದ ಈ ಮೊತ್ತ ಯಾರ ಕೈಗೂ ಸಿಗುವುದಿಲ್ಲ. ಅದೂ ಪ್ರಯೋಗಶಾಲೆಯ ಸಂಖ್ಯೆ. ಮನೆಯಲ್ಲಿ ಅರ್ಧ ಬಂದರೆ ಹೆಚ್ಚು.

ದಪ್ಪಕ್ಷರಕ್ಕಿಂತ ಮುಖ್ಯವಾದದ್ದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ರೂಟರಿನ ಬೆನ್ನಿನಲ್ಲಿರುವ ಲ್ಯಾನ್, ವ್ಯಾನ್ ಕಿಂಡಿಗಳು 100 ಎಂಬಿಪಿಎಸ್‌ನವೋ ಗಿಗಾಬಿಟ್‌ನವೋ ಎಂದು ಓದಲೇಬೇಕು. ಅಗ್ಗದ ಎಷ್ಟೋ ರೂಟರುಗಳಲ್ಲಿ ಮುಂದೆ 1200 ಎಂದಿದ್ದರೂ ಹಿಂದಿನ ಕಿಂಡಿ 100ರದ್ದೇ. 200 ಎಂಬಿಪಿಎಸ್ ಯೋಜನೆ ಹಾಕಿಸಿಕೊಂಡ ಮನೆಗೆ ಇಂಥದ್ದು ಬಂದರೆ ತಿಂಗಳು ತಿಂಗಳೂ ಅರ್ಧ ಬಿಲ್ಲು ದಂಡ. ಯೋಜನೆ 50ರದ್ದೇ ಆಗಿದ್ದರೆ ಅದೇ ಅಗ್ಗದ ಡಬ್ಬಿ ಧಾರಾಳ.

ಮೂರನೆಯದು ಪೀಳಿಗೆ. ವೈಫೈಯ ಮೂಲ ಮಾನಕ 802.11 ಹೊರಬಂದದ್ದು 1997ರಲ್ಲಿ. ಆಮೇಲೆ ಬಂದ ಬಿ, ಜಿ, ಎನ್, ಎಸಿ ಎಂಬ ಬಾಲಾಕ್ಷರಗಳು ಯಾರ ನೆನಪಿನಲ್ಲೂ ನಿಲ್ಲದ್ದರಿಂದ ವೈಫೈ ಅಲೈಯನ್ಸ್ 2018ರಲ್ಲಿ ಸರಳ ಸಂಖ್ಯೆ ಕೊಟ್ಟಿತು: 2009ರ ಎನ್ ವೈಫೈ 4 ಆಯಿತು, 2013ರ ಎಸಿ ವೈಫೈ 5, ಎಎಕ್ಸ್ ವೈಫೈ 6. ವೈಫೈ 6ರ ಹೆಚ್ಚುಗಾರಿಕೆಯನ್ನು ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗುವ ಬಸ್ಸಿನ ಉದಾಹರಣೆಯಲ್ಲಿ ಹೇಳಬಹುದು. ಹಿಂದಿನ ಪದ್ಧತಿಯಲ್ಲಿ ಒಬ್ಬ ಪ್ರಯಾಣಿಕನಿಗೆ ಒಂದು ಬಸ್ಸು. ಅವನ ಕೈಯಲ್ಲಿ ಒಂದೇ ಚೀಲವಿದ್ದರೂ ಉಳಿದವರು ನಿಲ್ದಾಣದಲ್ಲಿ ಕಾಯಬೇಕು. ವೈಫೈ 6 ಒಂದೇ ಬಸ್ಸಿನಲ್ಲಿ ಹಲವರನ್ನು ಕೂರಿಸುತ್ತದೆ. ಮನೆಯಲ್ಲಿ ಫೋನು, ಟಿವಿ, ಸಿಸಿ ಕ್ಯಾಮೆರಾ ಸೇರಿ ಹತ್ತು–ಹದಿನೈದು ಸಾಧನಗಳಿದ್ದರೆ ಇದರ ಫಲ ಗೊತ್ತಾಗುತ್ತದೆ. ಮೂರು ಫೋನಿರುವ ಮನೆಗೆ ವೈಫೈ 5 ಸಾಕು. ವೈಫೈ 7 ಈಗಲೇ ಬೇಕಿಲ್ಲ. ಅದಕ್ಕೆ ತಕ್ಕ ಫೋನುಗಳು ಮನೆಗೆ ಬರಬೇಕು, ಜೊತೆಗೆ ಅದು ನೆಚ್ಚಿಕೊಂಡ 6 ಗಿಗಾಹರ್ಟ್ಸ್ ಪಟ್ಟಿಯ ಅಲೆ ದಪ್ಪ ಗೋಡೆ ಕಂಡರೆ ಇನ್ನೂ ಬೇಗ ಸೋಲುತ್ತದೆ.

ಇನ್ನು ಕೊಂಬುಗಳು. ಎಷ್ಟು ಆಂಟೆನಾ ಇದ್ದರೂ ಹೊರಬಿಡುವ ಶಕ್ತಿಗೆ ಕಾನೂನಿನ ಮಿತಿಯಿದೆ. ನಾಲ್ಕರ ಜಾಗದಲ್ಲಿ ಆರು ಬಂದ ಮಾತ್ರಕ್ಕೆ ಅಲೆ ಕಲ್ಲನ್ನು ಸೀಳುವುದಿಲ್ಲ. ಕಡ್ಡಿಯಂಥ ಆಂಟೆನಾದಿಂದ ಅಲೆ ಹರಡುವ ಆಕಾರ ಉದ್ದಿನ ವಡೆಯದು: ತೂತಿನೊಳಗೆ ಕಡ್ಡಿ, ಸುತ್ತ ವಡೆ. ಪಕ್ಕಗಳಿಗೆ ಬಲ, ಕಡ್ಡಿಯ ತುದಿಯ ದಿಕ್ಕಿಗೆ ದುರ್ಬಲ. ಒಂದೇ ಅಂತಸ್ತಿನ ಮನೆಯಲ್ಲಿ ಎಲ್ಲ ಕಡ್ಡಿಗಳನ್ನೂ ನೆಟ್ಟಗೆ ನಿಲ್ಲಿಸಬೇಕು. ಮಹಡಿಯಿದ್ದರೆ ಒಂದನ್ನು ಅಡ್ಡ ಮಲಗಿಸಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯ ಡಬ್ಬಿ

ಒಂದೂವರೆ ಅಡಿಯ ಕಲ್ಲುಗೋಡೆ ಎರಡು ಅಡ್ಡ ಬಂದರೆ ಯಾವ ಒಂಟಿ ರೂಟರೂ ದಾಟದು. ಆಗ ಜನ ಕೈಹಾಕುವುದು ರಿಪೀಟರಿಗೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಈ ಪುಟ್ಟ ಸಾಧನ ಕೇಳಿಸಿಕೊಂಡದ್ದನ್ನು ಮತ್ತೆ ಕೂಗಿ ಹೇಳುತ್ತದೆ. ಕೇಳುವುದೂ ಕೂಗುವುದೂ ಒಂದೇ ಬಾಯಿ–ಕಿವಿಯಲ್ಲಾದರೆ ವೇಗ ಅರ್ಧಕ್ಕಿಳಿಯುತ್ತದೆ. ಇನ್ನೊಂದು ತಪ್ಪು, ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲೇ ಇಡುವುದು. ತನಗೇ ಕೇಳಿಸದ್ದನ್ನು ಅದು ಯಾರಿಗೆ ಹೇಳೀತು? ರೂಟರಿಗೂ ಆ ಕೋಣೆಗೂ ಮಧ್ಯೆ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಅದರ ಜಾಗ. ‘ಮೆಶ್’ ಎಂದು ಮಾರುವ ಜೋಡಿ ಡಬ್ಬಿಗಳು ಇದನ್ನೇ ಇನ್ನಷ್ಟು ಜಾಣತನದಿಂದ ಮಾಡುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ.

ಎಲ್ಲಕ್ಕಿಂತ ಗಟ್ಟಿಯಾದ ಉಪಾಯ ಹಳೆಯದು: ವೈರು. ಗೋಡೆಯಲ್ಲಿ ಬೆರಳು ತೂರುವಷ್ಟು ತೂತು, ಕ್ಯಾಟ್ 6 ಕೇಬಲ್, ಆ ತುದಿಯಲ್ಲಿ ಎರಡನೆಯ ರೂಟರ್. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಸೋರದೆ ಒಯ್ಯುತ್ತದೆ. ಎರಡನೆಯದಕ್ಕೆ ಮೂಲೆಯಲ್ಲಿ ಧೂಳು ಹಿಡಿದ ಹಳೆಯ ರೂಟರೇ ಆದೀತು. ಅದನ್ನು ‘ಆ್ಯಕ್ಸೆಸ್ ಪಾಯಿಂಟ್’ ರೀತಿಗೆ ಬದಲಿಸಿ, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನು ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ.

ಊರ ಮನೆಯಿಂದ ತೋಟದ ಪಂಪ್‌ಹೌಸಿಗೆ ಅಥವಾ ಕೊಟ್ಟಿಗೆಯ ಕ್ಯಾಮೆರಾಗೆ ನೆಟ್ಟು ಒಯ್ಯುವ ಮಾತು ಬೇರೆ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದರೆ ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಸಿಡಿಲಿನ ಹೊಡೆತಕ್ಕೆ ದಾರಿ ಮಾಡಿಕೊಟ್ಟಂತೆ. ಒಂದು ಸಿಡಿಲಿಗೆ ಎರಡೂ ಕಡೆಯ ಡಬ್ಬಿ ಸುಟ್ಟು ಹೋಗಬಹುದು. ಗಾಜಿನ ಫೈಬರಿನಲ್ಲಿ ವಿದ್ಯುತ್ ಹರಿಯದು. ಮರಗಳ ಅಡ್ಡಿಯಿಲ್ಲದೆ ಎರಡು ಚಾವಣಿ ಒಂದಕ್ಕೊಂದು ಕಾಣುತ್ತಿದ್ದರೆ, ಎದುರುಬದುರು ನೋಡುವ ಹೊರಾಂಗಣ 5 ಗಿಗಾಹರ್ಟ್ಸ್ ಜೋಡಿ ಸಾಧನ ಹಾಕಿ ಒಂದೆರಡು ಕಿಲೋಮೀಟರ್ ದಾಟಿಸಬಹುದು.

ಕರೆಂಟು ಹೋದರೂ

ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಜನರ ಬಾಯಲ್ಲಿ ಸೆಸ್ಕ್. ಗಾಳಿ–ಮಳೆಗೆ ಗರಿ ತಂತಿಯ ಮೇಲೆ ಬಿದ್ದರೆ ಯಾವ ನಿಗಮವಾದರೂ ಲೈನ್ ತೆಗೆಯಲೇಬೇಕು. ಗಾಜಿನೊಳಗಿನ ಬೆಳಕಿಗೆ ಊರಿನ ಕರೆಂಟಿನ ಹಂಗಿಲ್ಲ. ಆ ಕಡೆ ಕಂಪನಿಯ ಸಾಧನಗಳಿಗೆ ಬ್ಯಾಟರಿ ಇದ್ದರೆ, ಈ ಕಡೆ ಮನೆಯ ಡಬ್ಬಿಗಷ್ಟೇ ಜೀವ ಬೇಕು. ರೂಟರ್ ತಿನ್ನುವುದು ಬಹಳ ಕಡಿಮೆ, ಎಂಟು–ಹತ್ತು ವಾಟ್. ವರ್ಷವಿಡೀ ಹಗಲುರಾತ್ರಿ ಉರಿದರೂ ಸುಮಾರು 70ರಿಂದ 90 ಯೂನಿಟ್.

ಇದಕ್ಕೆಂದೇ ಅಂಗೈಯಗಲದ 12 ವೋಲ್ಟ್ ಮಿನಿ ಯುಪಿಎಸ್ ಸಿಗುತ್ತದೆ. 3.7 ವೋಲ್ಟಿನ ಲೆಕ್ಕದಲ್ಲಿ 8000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 30 ವಾಟ್‌ಗಂಟೆ. ಸೋರಿಕೆ ಕಳೆದು ರೂಟರಿಗೆ ಎರಡೂವರೆ–ಮೂರು ಗಂಟೆ. ಕೊಳ್ಳುವಾಗ ಅಡಾಪ್ಟರಿನ ಮೇಲಿರುವ ವೋಲ್ಟು, ಆಂಪಿಯರ್ ಸಂಖ್ಯೆ ತಾಳೆಯಾಗಬೇಕು. ಓಎನ್‌ಟಿ ಬೇರೆ, ರೂಟರ್ ಬೇರೆ ಇರುವ ಮನೆಯಲ್ಲಿ ಎರಡಕ್ಕೂ ಕರೆಂಟು ಬೇಕೆಂಬುದನ್ನು ಮರೆತು ಒಂದಕ್ಕೇ ಯುಪಿಎಸ್ ಕೊಟ್ಟು, ‘ದೀಪ ಉರೀತಿದೆ, ನೆಟ್ಟಿಲ್ಲ’ ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ.

ಅಡ್ಮಿನ್, ಅಡ್ಮಿನ್

2017ರ ಜುಲೈ ಕೊನೆಯಲ್ಲಿ ಕರ್ನಾಟಕದ ಸಾವಿರಾರು ಮನೆಗಳ ಬಿಎಸ್‌ಎನ್‌ಎಲ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಟ್ಟವು. ರಾಜ್ಯದಲ್ಲಿ ಸುಮಾರು 60,000 ಮೋಡೆಮ್‌ಗಳಿಗೆ ಪೆಟ್ಟು ಬಿದ್ದಿತೆಂದು ಆಗ ವರದಿಯಾಗಿತ್ತು. ಕೇಬಲ್ ತುಂಡಾಗಿರಲಿಲ್ಲ, ಸಿಡಿಲೂ ಬಡಿದಿರಲಿಲ್ಲ. ‘ಬ್ರಿಕರ್‌ಬಾಟ್’ ಎಂಬ ಕುತಂತ್ರಾಂಶದ ಹಿಂದಿನ ವ್ಯಕ್ತಿ ಇದು ತನ್ನದೇ ಕೆಲಸವೆಂದು ಹೇಳಿಕೊಂಡ. ಸಾಧನವನ್ನು ಇಟ್ಟಿಗೆಯಂತೆ ಜಡ ಮಾಡುವುದೇ ಅದರ ಉದ್ದೇಶ. ಒಳನುಗ್ಗಲು ದೊಡ್ಡ ಜಾಣತನ ಬೇಕಿರಲಿಲ್ಲ. ಬಳಕೆದಾರನ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಕಾರ್ಖಾನೆಯಲ್ಲಿ ಇಟ್ಟದ್ದನ್ನು ಯಾರೂ ಬದಲಿಸಿರಲಿಲ್ಲ. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಸೂಚನೆ ಕೊಡಬೇಕಾಯಿತು.

ಇಲ್ಲಿ ಎರಡು ಬೀಗಗಳಿವೆ. ನೆಂಟರಿಗೆ ಹೇಳುವ ವೈಫೈ ಪಾಸ್‌ವರ್ಡ್ ಒಂದು. ರೂಟರಿನ ಒಳಮನೆಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಇನ್ನೊಂದು. ಜನ ಬದಲಿಸುವುದು ಮೊದಲನೆಯದನ್ನು. ಅಂದು ಮುರಿದದ್ದು ಎರಡನೆಯದು. ಹೊಸ ರೂಟರಿನಲ್ಲಿ ಡಬ್ಲ್ಯುಪಿಎ3, ಇಲ್ಲವಾದರೆ ಡಬ್ಲ್ಯುಪಿಎ2 ರಕ್ಷಣೆ ಇರಬೇಕು. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯ ಆರಿಸಿಡುವುದು ಲೇಸು. ತಯಾರಕರು ಎಷ್ಟು ವರ್ಷ ತಂತ್ರಾಂಶದ ತಿದ್ದುಪಡಿ ಕಳಿಸುತ್ತಾರೆ ಎಂದು ಕೇಳುವುದು ಕೊಂಬು ಎಣಿಸುವುದಕ್ಕಿಂತ ಉಪಯುಕ್ತ. ಬೇಲೂರು–ಹಳೇಬೀಡಿನ ಹೊಯ್ಸಳ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಆ ಸುತ್ತಿನಲ್ಲಿ ಹೋಮ್‌ಸ್ಟೇ ನಡೆಸುವವರು ‘ಗೆಸ್ಟ್ ನೆಟ್‌ವರ್ಕ್’ ಇರುವ ರೂಟರನ್ನೇ ಆರಿಸಬೇಕು. ಆಗ ಅತಿಥಿಗೆ ನೆಟ್ಟು ಸಿಗುತ್ತದೆ, ಮನೆಯ ಕ್ಯಾಮೆರಾ ಮತ್ತು ಲೆಕ್ಕದ ಲ್ಯಾಪ್‌ಟಾಪು ಅವರ ಕಣ್ಣಿಗೆ ಬೀಳುವುದಿಲ್ಲ.

ಮೊದಲಿನ ಮನೆಗೆ ಈ ಲೆಕ್ಕವನ್ನೆಲ್ಲ ಹಾಕಿ ನೋಡಿದರೆ ಹೀಗಾಗುತ್ತದೆ. ಲೈನಿನ ಹುಡುಗನನ್ನು ಮತ್ತೊಮ್ಮೆ ಕರೆಸಿ, ಫೈಬರನ್ನು ನಡುಮನೆಯವರೆಗೆ ಎಳೆಸಿ, ಡಬ್ಬಿಯನ್ನು ತಲೆಗಿಂತ ಎತ್ತರದಲ್ಲಿ, ಬೀರುವಿಗೆ ದೂರವಾಗಿ ಗೋಡೆಗೆ ಹಾಕುವುದು. ಅಲ್ಲಿಂದ ಹದಿನೈದು ಮೀಟರ್ ಕ್ಯಾಟ್ 6 ಕೇಬಲ್ ಹಿಂದಿನ ಕೋಣೆಗೆ. ಅದರ ತುದಿಯಲ್ಲಿ ಆ ಆರು ಕೊಂಬಿನ ರೂಟರ್, ಆ್ಯಕ್ಸೆಸ್ ಪಾಯಿಂಟ್ ಆಗಿ. ಎರಡಕ್ಕೂ ಒಂದೊಂದು ಮಿನಿ ಯುಪಿಎಸ್. ಮಗಳು ಮೀಟಿಂಗಿನಲ್ಲಿ ಕೈಯಾಡಿಸುತ್ತ ಮಾತಾಡುತ್ತಾಳೆ, ಕರೆಂಟು ಹೋದದ್ದು ಆ ಕಡೆಯವರಿಗೆ ಗೊತ್ತೇ ಆಗುವುದಿಲ್ಲ. ಟಿವಿ ಸ್ಟ್ಯಾಂಡಿನ ಹಿಂದೆ ತೆರವಾದ ಜಾಗದಲ್ಲಿ ಈಗ ದಿನಕ್ಕೊಮ್ಮೆ ರಿಮೋಟು ಬಿದ್ದು ಕಳೆದುಹೋಗುತ್ತದೆ.